ವಿಲ್ಸನ್ ಕಾಯಿಲೆ: ತಾಮ್ರ ತೆಗೆಯೋದು ಮೊದಲು, ಆಂಟಿಆಕ್ಸಿಡೆಂಟ್ ಆಮೇಲೆ

ವಿಲ್ಸನ್ ಕಾಯಿಲೆ ಅಂದರೆ ಮೈಯಲ್ಲಿ ತಾಮ್ರ ಸೇರಿಕೊಳ್ಳುತ್ತಾ ಹೋಗುವ, ಹುಟ್ಟಿನಿಂದ ಬರುವ ಕಾಯಿಲೆ. ಇದರಲ್ಲಿ ಲಿವರ್ ಕೆಡೋದು ಆಕ್ಸಿಡೇಟಿವ್ ಒತ್ತಡದಿಂದ (ರಾಡಿಕಲ್ ಎಂಬ ಚುರುಕು ಕಣಗಳು ಜೀವಕೋಶಕ್ಕೆ ಮಾಡುವ ಹಾನಿಯಿಂದ) ಅಂತ ಓದಿದ ಮೇಲೆ, ಅದನ್ನು ತಡೆಯುವ ಆಂಟಿಆಕ್ಸಿಡೆಂಟ್ ವಿಟಮಿನ್ ಮಾತ್ರೆ ಕೊಟ್ಟರೆ ಸಾಕಲ್ವಾ ಅನ್ನಿಸುತ್ತದೆ. ಸಾಲದು. ಯಾಕೆ ಅಂತ ನೋಡೋಣ.

ಮೈಗೆ ಜಾಸ್ತಿಯಾದ ತಾಮ್ರವನ್ನು ಲಿವರ್ ಪಿತ್ತರಸದ ಜೊತೆ ಹೊರಗೆ ಹಾಕುತ್ತದೆ. ಅದಕ್ಕೆ ಎಟಿಪಿ7ಬಿ ಎಂಬ ಪ್ರೋಟೀನ್ ಬೇಕು. ಇದರ ಜೀನ್ ಇರೋದು 13ನೇ ಕ್ರೋಮೋಸೋಮಿನಲ್ಲಿ. ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಕಾಯಿಲೆ. ನಮ್ಮ ಮೈಸೂರು, ಮಂಡ್ಯ ಕಡೆ ಸೋದರಮಾವನಿಗೋ ಅತ್ತೆ ಮಗನಿಗೋ ಹೆಣ್ಣು ಕೊಡುವ ರೂಢಿ ಇದೆ. ಹಾಗಾಗಿ ಮನೆತನದ ಬಗ್ಗೆ ಕೇಳೋದನ್ನು ಮರೆಯಲೇಬಾರದು. ಒಂದು ಮಗುವಿಗೆ ಇದ್ದರೆ ಅದರ ಅಣ್ಣತಮ್ಮ, ಅಕ್ಕತಂಗಿಯರಿಗೆ ಬರುವ ಸಾಧ್ಯತೆ ತಲಾ 25%. ಚೆನ್ನಾಗಿಯೇ ಓಡಾಡಿಕೊಂಡಿದ್ದರೂ ಅವರಿಗೆ ಪರೀಕ್ಷೆ ಮಾಡಿಸಬೇಕು.

ಈಗ ಮುಖ್ಯ ವಿಷಯ. ತಾಮ್ರಕ್ಕೆ ಎರಡು ರೂಪ: ಕ್ಯುಪ್ರಸ್, ಮತ್ತು ಅದು ಒಂದು ಎಲೆಕ್ಟ್ರಾನ್ ಕಳೆದುಕೊಂಡಾಗ ಆಗುವ ಕ್ಯುಪ್ರಿಕ್. ಲಿವರ್‌ನಲ್ಲಿ ಉಳಿದ ಕ್ಯುಪ್ರಸ್ ತಾಮ್ರ ಅಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್‌ಗೆ ಎಲೆಕ್ಟ್ರಾನ್ ಕೊಡುತ್ತದೆ. ಆಗ ಹೈಡ್ರಾಕ್ಸಿಲ್ ರಾಡಿಕಲ್ ಹುಟ್ಟುತ್ತದೆ, ತಾಮ್ರ ಕ್ಯುಪ್ರಿಕ್ ಆಗುತ್ತದೆ. ಜೀವಕೋಶದ ಸ್ವಂತ ಆಂಟಿಆಕ್ಸಿಡೆಂಟ್ ಆದ ಗ್ಲುಟಾಥಯೋನ್‌ನಂಥ ವಸ್ತುಗಳು ಅದನ್ನು ಮತ್ತೆ ಕ್ಯುಪ್ರಸ್ ಮಾಡುತ್ತವೆ. ಪುನಃ ಅದೇ ಸುತ್ತು. ಇಲ್ಲಿ ಗೆರೆ ಎಳೆದುಕೊಳ್ಳಿ: ತಾಮ್ರ ಖರ್ಚಾಗೋದೇ ಇಲ್ಲ, ಖರ್ಚಾಗೋದು ಗ್ಲುಟಾಥಯೋನ್. ರಾಡಿಕಲ್‌ಗಳು ಜೀವಕೋಶದ ಪೊರೆಯ ಕೊಬ್ಬನ್ನು, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾವನ್ನು ಹಾಳುಮಾಡುತ್ತವೆ. ಪೊರೆಯಲ್ಲಿ ನಡೆಯುವ ಈ ಸರಣಿಯನ್ನು ವಿಟಮಿನ್ ಇ ತಡೆಯಬಲ್ಲದು. ಕೆಲವು ರೋಗಿಗಳ ರಕ್ತದಲ್ಲಿ ಅದು ಕಡಿಮೆಯಿರೋದೂ ಕಂಡುಬಂದಿದೆ. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧಿ ಗ್ಲುಟಾಥಯೋನ್ ತಯಾರಾಗಲು ಬೇಕಾದ ಸಿಸ್ಟೀನ್ ಒದಗಿಸುತ್ತದೆ. ಆದರೆ ತಾಮ್ರ ಅಲ್ಲೇ ಕೂತಿದ್ದರೆ ಎಷ್ಟು ಕೊಟ್ಟರೂ ಸಾಲದು. ವಿಟಮಿನ್ ಸಿ ವಿಷಯದಲ್ಲಂತೂ ಹುಷಾರಾಗಿರಬೇಕು. ಅದೂ ಕ್ಯುಪ್ರಿಕ್ ತಾಮ್ರವನ್ನು ಕ್ಯುಪ್ರಸ್‌ಗೆ ತಿರುಗಿಸುತ್ತದೆ. ಆಂಟಿಆಕ್ಸಿಡೆಂಟ್ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ.

ಆದ್ದರಿಂದ ವಿಟಮಿನ್ ಇ ಜೊತೆಗೆ ಕೊಡುವ ಔಷಧಿ ಅಷ್ಟೇ. ಅದರ ಲಾಭ ತೋರಿಸುವ ದೊಡ್ಡ ಪ್ರಯೋಗಗಳ ಆಧಾರವೂ ಇಲ್ಲ. ಮೂಲ ಚಿಕಿತ್ಸೆ ತಾಮ್ರ ತೆಗೆಯೋದು. 1956ರಲ್ಲಿ ಜಾನ್ ವಾಲ್ಶ್ ಬಳಕೆಗೆ ತಂದ ಪೆನಿಸಿಲಮೈನ್, ಆಮೇಲೆ ಬಂದ ಟ್ರೈಯೆಂಟಿನ್ ಎರಡೂ ತಾಮ್ರವನ್ನು ಹಿಡಿದು ಮೂತ್ರಕ್ಕೆ ಸಾಗಿಸುತ್ತವೆ. ಪೆನಿಸಿಲಮೈನ್ ಜೊತೆ ವಿಟಮಿನ್ ಬಿ6 ಬೇಕು. ಸತು ಕರುಳಿನ ಜೀವಕೋಶಗಳಲ್ಲಿ ಮೆಟಲೊಥಯೋನಿನ್ ಎಂಬ ಪ್ರೋಟೀನ್ ಹೆಚ್ಚಿಸುತ್ತದೆ. ಅದು ತಾಮ್ರವನ್ನು ಅಲ್ಲೇ ಹಿಡಿದಿಡುತ್ತದೆ, ಆ ಜೀವಕೋಶಗಳು ಉದುರಿದಾಗ ಮಲದಲ್ಲಿ ಹೋಗುತ್ತದೆ.

ರೋಗಿಯ ಮನೆಯವರಿಗೆ ಎರಡು ಮಾತು ಬಿಡಿಸಿ ಹೇಳಬೇಕು. ಚೆನ್ನಾಗಿದ್ದೀನಿ ಅಂತ ಮಾತ್ರೆ ಬಿಟ್ಟರೆ ಲಿವರ್ ಒಮ್ಮೆಲೇ ಕೈಕೊಡಬಹುದು. ಇದು ಜೀವನಪೂರ್ತಿ ಚಿಕಿತ್ಸೆ. ಇನ್ನೊಂದು, ರಾತ್ರಿ ತಾಮ್ರದ ಚೊಂಬಿನಲ್ಲಿ ನೀರಿಟ್ಟು ಬೆಳಿಗ್ಗೆ ಕುಡಿಯುವ ಅಭ್ಯಾಸ ಇವರಿಗೆ ಬೇಡವೇ ಬೇಡ. ಬಚ್ಚಲಿನ ತಾಮ್ರದ ಹಂಡೆಯಲ್ಲಿ ಕಾಯಿಸಿದ ನೀರನ್ನು ಸ್ನಾನಕ್ಕೆ ಬಳಸಬಹುದು.