ಪ್ರಯೋಗಾಲಯಕ್ಕೂ ರೋಗಿಯ ಹಾಸಿಗೆಗೂ ನಡುವಿನ ದಾರಿ

1980ರ ದಶಕದ ನಡುಭಾಗದಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಮಕ್ಕಳ ತಜ್ಞ ಡಾ. ಎಂ.ಕೆ. ಭಾನ್ ಮತ್ತು ಅವರ ಸಹೋದ್ಯೋಗಿಗಳಿಗೆ ಒಂದು ವಿಚಿತ್ರ ಸಂಗತಿ ಕಣ್ಣಿಗೆ ಬಿತ್ತು. ಅಲ್ಲಿ ಹುಟ್ಟಿದ ಕೆಲವು ಕೂಸುಗಳಿಗೆ ರೋಟಾವೈರಸ್ ಸೋಂಕು ತಗಲಿತ್ತು, ಆದರೆ ಭೇದಿಯ ಸುಳಿವೇ ಇರಲಿಲ್ಲ. ಮೇಲಾಗಿ ಆ ಮಕ್ಕಳಿಗೆ ಮುಂದೆಯೂ ಈ ವೈರಸ್ಸಿನ ತೀವ್ರ ಭೇದಿಯಿಂದ ರಕ್ಷಣೆ ದೊರೆತಂತೆ ಕಾಣುತ್ತಿತ್ತು. ಆ ತಳಿಗೆ 116ಇ ಎಂದು ಹೆಸರಾಯಿತು. ಸುಮಾರು ಅದೇ ಕಾಲಕ್ಕೆ ಬೆಂಗಳೂರಿನ ನವಜಾತ ಶಿಶುಗಳಲ್ಲಿ ಇಂಥದೇ ನಿರುಪದ್ರವಿ ತಳಿಯೊಂದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ತಂಡ ಗುರುತಿಸಿತು, ಅದು ಐ321. ಪ್ರಕೃತಿಯೇ ತಯಾರಿಸಿಟ್ಟ ಲಸಿಕೆ ಎನ್ನಬಹುದಾದ ಎರಡು ವೈರಸ್‌ಗಳು ಹೀಗೆ ಎರಡು ಊರುಗಳಲ್ಲಿ ಸಿಕ್ಕವು. ಆದರೆ ದೆಹಲಿಯ ತಳಿಯಿಂದ ತಯಾರಾದ ರೋಟಾವ್ಯಾಕ್ ಲಸಿಕೆಗೆ ಪರವಾನಗಿ ದೊರೆತದ್ದು 2014ರಲ್ಲಿ, ಅದು ಸರ್ಕಾರದ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ್ದು 2016ರಲ್ಲಿ. ಕಂಡುಕೊಂಡದ್ದಕ್ಕೂ ಮಗುವಿನ ಬಾಯಿಗೆ ಹನಿ ಬಿದ್ದದ್ದಕ್ಕೂ ನಡುವೆ ಸುಮಾರು ಮೂವತ್ತು ವರ್ಷಗಳು ಕಳೆದಿದ್ದವು.

ಆ ಮೂವತ್ತು ವರ್ಷಗಳನ್ನು ವಿಜ್ಞಾನಿಗಳ ಸೋಮಾರಿತನವೂ ನುಂಗಲಿಲ್ಲ, ಸರ್ಕಾರದ ಕಡತಗಳೊಂದೇ ನುಂಗಲಿಲ್ಲ. ವಿಶ್ವವಿದ್ಯಾಲಯದ ಶೋಧ ಮುಗಿಯುವ ಜಾಗಕ್ಕೂ ಕಂಪನಿಯ ಆಸಕ್ತಿ ಆರಂಭವಾಗುವ ಜಾಗಕ್ಕೂ ನಡುವೆ ಯಾರಿಗೂ ಸೇರದ ಒಂದು ಬಯಲಿದೆ. ಈ ಕ್ಷೇತ್ರದವರು ಅದನ್ನು ‘ಸಾವಿನ ಕಣಿವೆ’ ಎನ್ನುತ್ತಾರೆ. ಅದನ್ನು ದಾಟಿಸುವ ಕೆಲಸಕ್ಕೆ ಟ್ರಾನ್ಸ್‌ಲೇಷನಲ್ ರಿಸರ್ಚ್ ಎಂದು ಹೆಸರು. ಕನ್ನಡದಲ್ಲಿ ಇದನ್ನು ‘ಅನುವಾದ ಸಂಶೋಧನೆ’ ಎಂದರೆ ಓದುಗರು ಸಾಹಿತ್ಯ ಅಕಾಡೆಮಿಯ ಕಡೆ ನೋಡಿಯಾರು, ಆದ್ದರಿಂದ ಇಲ್ಲಿ ‘ದಾಟಿಸುವ ಕೆಲಸ’ ಎಂದೇ ಕರೆಯುತ್ತೇನೆ.

ಹೆಸರು ಹೊಸದಾದರೂ ತೊಡಕು ಹಳೆಯದು. ಇನ್ಸುಲಿನ್ ಕಥೆಯನ್ನೇ ನೋಡಿ. 1922ರ ಜನವರಿ 11ರಂದು ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಮಧುಮೇಹಿ ಹುಡುಗನಿಗೆ ಬ್ಯಾಂಟಿಂಗ್ ಮತ್ತು ಬೆಸ್ಟ್ ಸಿದ್ಧಪಡಿಸಿದ ಮೇದೋಜೀರಕ ಗ್ರಂಥಿಯ ಸಾರವನ್ನು ಚುಚ್ಚಿದಾಗ ಸಕ್ಕರೆ ಸ್ವಲ್ಪ ಇಳಿಯಿತು, ಜೊತೆಗೆ ಚುಚ್ಚಿದ ಜಾಗ ಕೀವುಗಟ್ಟಿತು. ಜೀವರಸಾಯನ ವಿಜ್ಞಾನಿ ಜೇಮ್ಸ್ ಕಾಲಿಪ್ ಆ ಸಾರವನ್ನು ಶುದ್ಧಗೊಳಿಸಿದ ಮೇಲೆ, ಜನವರಿ 23ರಂದು, ಹುಡುಗ ನಿಜವಾಗಿ ಚೇತರಿಸಿಕೊಳ್ಳತೊಡಗಿದ. ಆದರೆ ಹೆಚ್ಚು ಪ್ರಮಾಣದಲ್ಲಿ ತಯಾರಿಸಲು ಹೊರಟ ಕೂಡಲೇ ಕಾಲಿಪ್‌ಗೆ ಅದೇ ಶುದ್ಧತೆ ಮತ್ತೆ ಕೈಗೆಟುಕದೆ ಹೋಯಿತು. ಪೇಟೆಂಟನ್ನು ಸಂಶೋಧಕರು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟ ಕಥೆ ಎಲ್ಲರಿಗೂ ಗೊತ್ತು. ತಯಾರಿಕೆಯ ಗಂಟನ್ನು ಬಿಚ್ಚಲು ಅವರು ಅಮೆರಿಕದ ಇಲೈ ಲಿಲಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಳ್ಳಬೇಕಾಯಿತೆಂಬ ಭಾಗ ಅಷ್ಟಾಗಿ ಹೇಳಿಕೆಗೆ ಬರುವುದಿಲ್ಲ.

ಪೆನಿಸಿಲಿನ್ ಕಥೆಯಲ್ಲೂ ನಡುವಿನ ಭಾಗವೇ ಮರೆಯಾಗುತ್ತದೆ. ಫ್ಲೆಮಿಂಗ್ ಬೂಷ್ಟನ್ನು ಕಂಡದ್ದು 1928ರಲ್ಲಿ. ಅದರ ಸಾರವನ್ನು ಇಲಿಗಳ ಮೇಲೆ ಪ್ರಯೋಗಿಸಿ ಅದು ಔಷಧವಾಗಬಲ್ಲದೆಂದು ಆಕ್ಸ್‌ಫರ್ಡಿನಲ್ಲಿ ಫ್ಲೋರಿ ಮತ್ತು ಚೇನ್ ತೋರಿಸಿದ್ದು 1940ರಲ್ಲಿ. ಈ ಮಧ್ಯೆ ಬೂಷ್ಟಿನ ನೀರಿನಿಂದ ಪೆನಿಸಿಲಿನ್ ಕೆಡದಂತೆ ಹೊರತೆಗೆಯುವ ವಿಧಾನವನ್ನು ರೂಪಿಸಿದವರು, ಯುದ್ಧಕಾಲದಲ್ಲಿ ಪಾತ್ರೆಗಳಿಲ್ಲದೆ ಆಸ್ಪತ್ರೆಯ ಮಲಪಾತ್ರೆಗಳಲ್ಲೂ ಬೂಷ್ಟು ಬೆಳೆಸಿದವರು ನಾರ್ಮನ್ ಹೀಟ್ಲಿ. 1941ರ ಫೆಬ್ರವರಿಯಲ್ಲಿ ಪೊಲೀಸ್ ಪೇದೆ ಆಲ್ಬರ್ಟ್ ಅಲೆಕ್ಸಾಂಡರ್‌ಗೆ ಔಷಧ ಕೊಟ್ಟಾಗ ಆತ ಗುಣಮುಖನಾಗತೊಡಗಿದ್ದ. ಔಷಧ ಮುಗಿಯುತ್ತ ಬಂದು, ಆತನ ಮೂತ್ರದಿಂದಲೇ ಅದನ್ನು ಮರಳಿ ತೆಗೆದು ಚುಚ್ಚಿದರೂ ಸಾಲದೆ, ಮಾರ್ಚ್‌ನಲ್ಲಿ ಆತ ತೀರಿಕೊಂಡ. ಅದೇ ವರ್ಷದ ಬೇಸಿಗೆಯಲ್ಲಿ ಫ್ಲೋರಿ ಮತ್ತು ಹೀಟ್ಲಿ ಅಮೆರಿಕಕ್ಕೆ ಹೋದರು. ಇಲಿನಾಯ್ ರಾಜ್ಯದ ಪಿಯೋರಿಯಾದ ಕೃಷಿ ಪ್ರಯೋಗಾಲಯದಲ್ಲಿ ಮೆಕ್ಕೆಜೋಳದ ಪಿಷ್ಟ ತೆಗೆದ ಮೇಲೆ ಉಳಿಯುವ ರಸವನ್ನು ಬೂಷ್ಟಿಗೆ ಉಣಿಸಿದಾಗ ಇಳುವರಿ ಹಲವು ಪಟ್ಟು ಏರಿತು. 1945ರ ನೊಬೆಲ್ ಪ್ರಶಸ್ತಿ ಮೂವರಿಗೆ ಹೋಯಿತು, ಹೀಟ್ಲಿ ಅವರಲ್ಲಿ ಒಬ್ಬರಾಗಿರಲಿಲ್ಲ. ಆಕ್ಸ್‌ಫರ್ಡ್ ಅವರಿಗೆ ವೈದ್ಯಶಾಸ್ತ್ರದ ಗೌರವ ಡಾಕ್ಟರೇಟ್ ಕೊಡಲು 1990ರ ತನಕ ಕಾಯಿತು. ದಾಟಿಸುವವನಿಗೆ ಸಿಗುವ ಮನ್ನಣೆಯ ಅಳತೆ ಇಂದಿಗೂ ಹೆಚ್ಚುಕಡಿಮೆ ಇಷ್ಟೇ ಎಂದು ನನಗನ್ನಿಸುತ್ತದೆ.

ಯುದ್ಧಾನಂತರ ವಿಶ್ವವಿದ್ಯಾಲಯಗಳಿಗೆ ಸರ್ಕಾರದ ಹಣ ಧಾರಾಳವಾಗಿ ಹರಿಯಿತು, ಶೋಧಗಳೂ ಹೆಚ್ಚಿದವು. ಅವು ಯಾರ ಸ್ವತ್ತು ಎಂಬ ಪ್ರಶ್ನೆ ಮಾತ್ರ ಇತ್ಯರ್ಥವಾಗಲಿಲ್ಲ. 1975ರಲ್ಲಿ ಕೇಂಬ್ರಿಜ್‌ನ ಮಿಲ್‌ಸ್ಟೈನ್ ಮತ್ತು ಕೋಲರ್ ಮೊನೊಕ್ಲೋನಲ್ ಪ್ರತಿಕಾಯಗಳನ್ನು, ಅಂದರೆ ಒಂದೇ ಗುರಿಗೆ ಅಂಟುವ ಒಂದೇ ಬಗೆಯ ಪ್ರತಿಕಾಯಗಳನ್ನು, ತಯಾರಿಸುವ ವಿಧಾನ ಪ್ರಕಟಿಸಿದಾಗ, ಬ್ರಿಟನ್ನಿನಲ್ಲಿ ಇಂಥ ಶೋಧಗಳನ್ನು ಉದ್ಯಮಕ್ಕೆ ಒಯ್ಯುವ ಹೊಣೆಯಿದ್ದ ಸರ್ಕಾರಿ ನಿಗಮಕ್ಕೆ ಅದರ ತಕ್ಷಣದ ಉಪಯೋಗ ಕಾಣಲಿಲ್ಲ, ಪೇಟೆಂಟ್ ಆಗಲಿಲ್ಲ. ಇಂದು ಕ್ಯಾನ್ಸರ್‌ನಿಂದ ಸಂಧಿವಾತದವರೆಗೆ ಬಳಕೆಯಲ್ಲಿರುವ ಔಷಧಗಳ ಒಂದು ದೊಡ್ಡ ವರ್ಗವೇ ಆ ವಿಧಾನದಿಂದ ಹುಟ್ಟಿದೆ. ಅಮೆರಿಕದಲ್ಲಿ ತೊಂದರೆ ತಿರುಗುಮುರುಗಾಗಿತ್ತು: ಸರ್ಕಾರದ ಹೆಸರಿನಲ್ಲಿ ಸುಮಾರು 28,000 ಪೇಟೆಂಟ್‌ಗಳು ಕೂಡಿದ್ದವು, ಶೇ. 5ಕ್ಕಿಂತ ಕಡಿಮೆ ಮಾತ್ರ ಕಂಪನಿಗಳ ಕೈಸೇರಿದ್ದವು. 1980ರ ಬೇ-ಡೋಲ್ ಕಾಯ್ದೆ ಆ ಹಕ್ಕನ್ನು ವಿಶ್ವವಿದ್ಯಾಲಯಗಳಿಗೇ ಬಿಟ್ಟುಕೊಟ್ಟಿತು. ತೆರಿಗೆದಾರರ ಹಣದಲ್ಲಿ ಹುಟ್ಟಿದ ಔಷಧಕ್ಕೆ ತೆರಿಗೆದಾರರೇ ಎರಡನೆಯ ಬಾರಿ ದುಬಾರಿ ಬೆಲೆ ತೆರಬೇಕೇ ಎಂಬ ಆಕ್ಷೇಪ ಆಗಿನಿಂದ ಈವರೆಗೆ ನಿಂತಿಲ್ಲ, ಅದು ನ್ಯಾಯವಾದ ಆಕ್ಷೇಪವೇ. ಭಾರತದಲ್ಲಿ ಅದೇ ಮಾದರಿಯ ಮಸೂದೆ 2008ರಲ್ಲಿ ರಾಜ್ಯಸಭೆಗೆ ಬಂದು, ಟೀಕೆಗೆ ಗುರಿಯಾಗಿ, 2014ರಲ್ಲಿ ಹಿಂತೆಗೆಯಲ್ಪಟ್ಟಿತು.

ಆದರೆ ಹಕ್ಕುಪತ್ರ ಕೈಯಲ್ಲಿದ್ದ ಮಾತ್ರಕ್ಕೆ ಕಣಿವೆ ದಾಟಿದಂತಾಗಲಿಲ್ಲ. ಪ್ರಯೋಗಾಲಯದ ಫಲಿತಾಂಶ ಮೊದಲು ಬೇರೊಬ್ಬರ ಕೈಯಲ್ಲೂ ಮರುಕಳಿಸಬೇಕು. 2012ರಲ್ಲಿ ಆಮ್‌ಜೆನ್ ಕಂಪನಿಯ ಮಾಜಿ ಸಂಶೋಧನಾ ಮುಖ್ಯಸ್ಥರೊಬ್ಬರು ಸಹಲೇಖಕರೊಡನೆ ಬರೆದ ಪ್ರಕಾರ, ಕ್ಯಾನ್ಸರಿಗೆ ಸಂಬಂಧಿಸಿದ 53 ಮಹತ್ವದ ಪ್ರಬಂಧಗಳಲ್ಲಿ ಆರನ್ನು ಮಾತ್ರ ಅಲ್ಲಿ ದೃಢಪಡಿಸಲು ಸಾಧ್ಯವಾಗಿತ್ತು. ಬಳಿಕ ಅಣುವನ್ನು ದೇಹದೊಳಗೆ ಸಾಕಷ್ಟು ಹೊತ್ತು ಉಳಿಯುವಂತೆ ತಿದ್ದಬೇಕು, ನಿಯಂತ್ರಕರು ಒಪ್ಪುವ ಶಿಸ್ತಿನ ಪ್ರಯೋಗಾಲಯದಲ್ಲಿ ಪ್ರಾಣಿಗಳ ಮೇಲೆ ವಿಷಪರೀಕ್ಷೆ ನಡೆಸಬೇಕು, ಮನುಷ್ಯರಿಗೆ ಕೊಡಬಹುದಾದ ಶುದ್ಧತೆಯಲ್ಲಿ ತಯಾರಿಸಬೇಕು, ತಿಂಗಳುಗಟ್ಟಲೆ ಇಟ್ಟರೂ ಕೆಡುವುದಿಲ್ಲವೆಂದು ತೋರಿಸಬೇಕು. ಇದರಲ್ಲಿ ಯಾವುದೂ ‘ಹೊಸ ಜ್ಞಾನ’ವಲ್ಲವಾದ್ದರಿಂದ ಸಂಶೋಧನಾ ಅನುದಾನ ಸಿಗುವುದು ಕಷ್ಟ, ಲಾಭ ಇನ್ನೂ ದೂರವಾದ್ದರಿಂದ ಕಂಪನಿ ಹಣ ಹೂಡುವುದಿಲ್ಲ, ಪ್ರಬಂಧವಾಗದ್ದರಿಂದ ಪಿಎಚ್‌.ಡಿ ವಿದ್ಯಾರ್ಥಿಯನ್ನು ಅದಕ್ಕೆ ಹಚ್ಚುವಂತಿಲ್ಲ.

ಸ್ಟ್ಯಾನ್‌ಫರ್ಡಿನ ಡೇರಿಯಾ ಮಾಕ್ಲಿ-ರೋಸೆನ್ ಇದನ್ನು ಅನುಭವದಿಂದ ಅರಿತವರು. ಹೃದಯಾಘಾತದ ಹಾನಿ ತಗ್ಗಿಸಬಹುದೆಂದು ಅವರ ಪ್ರಯೋಗಾಲಯ ಕಂಡುಕೊಂಡ ಪೆಪ್ಟೈಡ್‌ನಲ್ಲಿ (ಪ್ರೋಟೀನಿನ ಪುಟ್ಟ ತುಣುಕಿನಂಥ ಅಣು) ಔಷಧ ಕಂಪನಿಗಳು ಆಸಕ್ತಿ ತೋರಲಿಲ್ಲ. ಅವರೇ ರಜೆ ಹಾಕಿ ಕಂಪನಿ ಕಟ್ಟಿದರು, ಮರಳಿ ಬಂದು 2006ರಲ್ಲಿ ಸ್ಪಾರ್ಕ್ ಎಂಬ ಕಾರ್ಯಕ್ರಮ ಆರಂಭಿಸಿದರು. ಅದರ ಕ್ರಮ ಸರಳ. ಆಯ್ದ ಸಂಶೋಧಕರಿಗೆ ಸಣ್ಣ ಮೊತ್ತದ ಅನುದಾನ. ಉದ್ಯಮದಲ್ಲಿ ದಶಕಗಳ ಕಾಲ ಔಷಧ ತಯಾರಿಸಿದ ಅನುಭವಿಗಳು ಸಂಭಾವನೆಯಿಲ್ಲದೆ ನಿಯಮಿತವಾಗಿ ಬಂದು ಕೂತು ಕೇಳುವ ಪ್ರಶ್ನೆಗಳು. ಮೊದಲ ಪ್ರಶ್ನೆ ಕೊನೆಯಿಂದ ಶುರುವಾಗುತ್ತದೆ: ನಿಮ್ಮ ಔಷಧ ಯಾರಿಗೆ, ಎಷ್ಟು ದಿನಕ್ಕೊಮ್ಮೆ, ಮಾತ್ರೆಯೋ ಚುಚ್ಚುಮದ್ದೋ, ಈಗಿರುವ ಚಿಕಿತ್ಸೆಗಿಂತ ಯಾವ ಬಗೆಯಲ್ಲಿ ಮೇಲು? ಉತ್ತರ ಹೊಳೆಯದಿದ್ದರೆ ಮುಂದಿನ ಪ್ರಯೋಗಕ್ಕೆ ಅರ್ಥವಿಲ್ಲ. ಅಂದಹಾಗೆ, ಅವರ ಸ್ವಂತ ಹೃದಯದ ಪೆಪ್ಟೈಡ್ ಮಾನವ ಪರೀಕ್ಷೆಯಲ್ಲಿ ಫಲ ಕೊಡಲಿಲ್ಲ. ಆ ಕಂಪನಿಯ ಮತ್ತೊಂದು ಅಣು ಡಯಾಲಿಸಿಸ್ ರೋಗಿಗಳ ಔಷಧವಾಗಿ ಮಾರುಕಟ್ಟೆಗೆ ಬಂತು. ಅಮೆರಿಕದ ಸರ್ಕಾರವೂ 2011ರ ಕೊನೆಗೆ ಈ ಕೆಲಸಕ್ಕೆಂದೇ ತನ್ನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಡಿ ಒಂದು ಪ್ರತ್ಯೇಕ ಕೇಂದ್ರ ತೆರೆಯಿತು.

ನಮ್ಮಲ್ಲಿ ಇದಕ್ಕೆ ಬಹಳ ಮುಂಚೆಯೇ ಒಂದು ದಾರಿ ಮೂಡಿತ್ತು. ಹೃದಯ ಶಸ್ತ್ರಚಿಕಿತ್ಸಕ ಎಂ.ಎಸ್. ವಲಿಯತ್ತಾನ್ ತಿರುವನಂತಪುರದ ಶ್ರೀಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಆಸ್ಪತ್ರೆಯನ್ನೂ ವೈದ್ಯಕೀಯ ತಂತ್ರಜ್ಞಾನದ ವಿಭಾಗವನ್ನೂ ಒಂದೇ ಆಡಳಿತದಡಿ ತಂದರು. ಆಮದಾಗುತ್ತಿದ್ದ ಕೃತಕ ಹೃದಯ ಕವಾಟ ಬಡ ರೋಗಿಗೆ ಎಟುಕದ್ದನ್ನು ದಿನವೂ ಕಾಣುತ್ತಿದ್ದ ವೈದ್ಯರು, ಲೋಹ ಮತ್ತು ಪ್ಲಾಸ್ಟಿಕ್ ಬಲ್ಲ ಎಂಜಿನಿಯರುಗಳ ಜೊತೆ ವರ್ಷಗಟ್ಟಲೆ ಕೂತರು. ಮೊದಲ ಮೂರು ಮಾದರಿಗಳು ಸೋತವು. ಮೂರನೆಯದರ ನೀಲಮಣಿಯ ಬಿಲ್ಲೆ ಕುರಿಯ ಹೃದಯದೊಳಗೆ ಒಡೆದು ಆ ಕುರಿ ಸತ್ತಿತು. ನಾಲ್ಕನೆಯದರಲ್ಲಿ ಗಟ್ಟಿ ಪಾಲಿಎಥಿಲೀನ್ ಬಿಲ್ಲೆ ಬಂತು, 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಆ ಕವಾಟವನ್ನು ಅಳವಡಿಸಲಾಯಿತು, ತಯಾರಿಕೆಯನ್ನು ಚೆನ್ನೈನ ಟಿಟಿಕೆ ಸಮೂಹ ವಹಿಸಿಕೊಂಡಿತು. ಅಲ್ಲಿಂದೀಚೆಗೆ ಲಕ್ಷಕ್ಕೂ ಹೆಚ್ಚು ರೋಗಿಗಳ ಎದೆಯಲ್ಲಿ ಅದು ಬಡಿದಿದೆ. ವಲಿಯತ್ತಾನ್ ಮುಂದೆ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಬಂದು, 2024ರಲ್ಲಿ ಅಲ್ಲಿಯೇ ತೀರಿಕೊಂಡರು. ಮೂರು ಸೋಲುಗಳನ್ನು ತಾಳಿಕೊಂಡ ಸಂಸ್ಥೆ ಇಲ್ಲಿ ಮುಖ್ಯ. ಮೂರು ವರ್ಷಗಳ ಅನುದಾನದ ಲೆಕ್ಕದಲ್ಲಿ ಆ ಕವಾಟ ಎರಡನೆಯ ಮಾದರಿಗೇ ನಿಂತುಹೋಗುತ್ತಿತ್ತು.

ರೋಟಾವ್ಯಾಕ್‌ಗೆ ಅಂಥ ಒಂದೇ ಸೂರು ಇರಲಿಲ್ಲ. ಅದಕ್ಕೆ ಭಾರತದ ಜೈವಿಕ ತಂತ್ರಜ್ಞಾನ ಇಲಾಖೆ, ಅಮೆರಿಕದ ಆರೋಗ್ಯ ಸಂಸ್ಥೆಗಳು, ಸ್ಟ್ಯಾನ್‌ಫರ್ಡ್, ಪಾತ್ ಎಂಬ ಸ್ವಯಂಸೇವಾ ಸಂಸ್ಥೆ, ಗೇಟ್ಸ್ ಪ್ರತಿಷ್ಠಾನ, ಹೈದರಾಬಾದಿನ ಭಾರತ್ ಬಯೋಟೆಕ್ ಹೀಗೆ ಹಲವರು ಹೆಗಲು ಕೊಡಬೇಕಾಯಿತು. 1999ರಲ್ಲಿ ಅಮೆರಿಕದ ರೋಟಾಶೀಲ್ಡ್ ಲಸಿಕೆ ಅಪರೂಪಕ್ಕೆ ಕರುಳು ಮಡಚಿಕೊಳ್ಳುವ ತೊಂದರೆ ತಂದಿದ್ದರಿಂದ ವಾಪಸಾದ ಮೇಲೆ, ಈ ಜಾತಿಯ ಯಾವ ಲಸಿಕೆಯನ್ನೂ ಯಾರೂ ಸುಲಭಕ್ಕೆ ನಂಬುವಂತಿರಲಿಲ್ಲ. ಕೊನೆಗೆ ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಶಿಶುಗಳ ಮೇಲೆ ಪರೀಕ್ಷೆ ನಡೆದು, ತೀವ್ರ ಭೇದಿಯ ವಿರುದ್ಧ ಮೊದಲ ವರ್ಷದಲ್ಲಿ ಶೇ. 56ರಷ್ಟು ರಕ್ಷಣೆ ಕಂಡುಬಂತು. ಈ ನಡುವೆ ಭಾನ್ ಅದೇ ಜೈವಿಕ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯಾಗಿದ್ದರು. ತಾವು ಸವೆದ ದಾರಿಯನ್ನು ಮುಂದಿನವರಿಗೆ ಮೊಟಕುಗೊಳಿಸಲೆಂಬಂತೆ ಫರೀದಾಬಾದಿನಲ್ಲಿ ದಾಟಿಸುವ ಕೆಲಸಕ್ಕೆಂದೇ ಒಂದು ಸಂಸ್ಥೆ, ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ಸಿ-ಕ್ಯಾಂಪ್ ಎಂಬ ಜೀವವಿಜ್ಞಾನ ತಂತ್ರಜ್ಞಾನ ಕೇಂದ್ರ, 2012ರಲ್ಲಿ ಜೈವಿಕ ತಂತ್ರಜ್ಞಾನದ ಹೊಸ ಉದ್ಯಮಗಳಿಗೆ ನೆರವಾಗುವ ಬೈರ್ಯಾಕ್ ಎಂಬ ಸರ್ಕಾರಿ ಸಂಸ್ಥೆ, ಇವೆಲ್ಲ ಭಾನ್ ಅವರ ಅವಧಿಯಲ್ಲೇ ಹುಟ್ಟಿದವು. ಬೈರ್ಯಾಕ್ ಕೊಡುವ ಆರಂಭಿಕ ಅನುದಾನ 50 ಲಕ್ಷ ರೂಪಾಯಿಯವರೆಗೆ, ಅವಧಿ ಹದಿನೆಂಟು ತಿಂಗಳು. ಒಂದು ಹೊಳಹನ್ನು ಒರೆಗೆ ಹಚ್ಚಲು ಅದು ಸಾಕು, ಒಂದು ಅಣುವಿನ ಪೂರ್ಣ ವಿಷಪರೀಕ್ಷೆಗೆ ಸಾಲದು.

ಇತ್ತೀಚಿನ ದಾಟುವಿಕೆಗಳು ಚುರುಕಾಗಿವೆ. ಐಐಟಿ ಬಾಂಬೆಯಲ್ಲಿ ರೂಪುಗೊಂಡು ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಪರೀಕ್ಷೆಗೊಳಗಾದ ಕಾರ್-ಟಿ ಕೋಶ ಚಿಕಿತ್ಸೆಗೆ (ರೋಗಿಯದೇ ರೋಗನಿರೋಧಕ ಕೋಶಗಳನ್ನು ಕ್ಯಾನ್ಸರ್ ವಿರುದ್ಧ ಹೋರಾಡುವಂತೆ ತಿದ್ದಿ ಮರಳಿ ಕೊಡುವುದು) 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಘಟಕವಾಗಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿರುವ ಕಾಂಡಕೋಶ ಕೇಂದ್ರ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆ ಇರುವ ಐವರಿಗೆ ಜೀನ್ ಚಿಕಿತ್ಸೆ ನೀಡಿದ ವರದಿ 2024ರಲ್ಲಿ ಪ್ರಕಟವಾಯಿತು. ಎರಡೂ ಕಡೆ ಪ್ರಯೋಗಾಲಯಕ್ಕೆ ಆಸ್ಪತ್ರೆ ಮೊದಲಿನಿಂದಲೂ ಜೊತೆಗಿತ್ತು.

ಬೆಂಗಳೂರಿನ ಐ321 ಏನಾಯಿತು? 116ಇ ಜೊತೆಗೆ ಅದನ್ನೂ ಲಸಿಕೆಯಾಗಿ ತಯಾರಿಸಿ ಶಿಶುಗಳಿಗೆ ಕೊಟ್ಟು ನೋಡಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡೂ ಸುರಕ್ಷಿತವಾಗಿದ್ದವು, ಆದರೆ ರೋಗನಿರೋಧಕ ಸ್ಪಂದನ ಹೆಚ್ಚು ದೊರೆತದ್ದು ದೆಹಲಿಯ ತಳಿಗೆ. ಐ321ರ ಪಯಣ ಅಲ್ಲಿಗೆ ನಿಂತಿತು. ಸಾವಿರಾರು ಮಕ್ಕಳ ದೊಡ್ಡ ಪರೀಕ್ಷೆಗೆ ಹಣ ಸುರಿಯುವ ಮೊದಲೇ, ಸಣ್ಣ ಪರೀಕ್ಷೆಯಲ್ಲಿಯೇ, ಯಾವುದನ್ನು ಕೈಬಿಡಬೇಕೆಂದು ತಿಳಿದದ್ದು ಆ ತಳಿಯ ಕೊಡುಗೆ.