ದಾಸವಾಳದ ಗುಣ ಇರುವುದು ಲೋಳೆಯಲ್ಲಿ, ಕೆಂಪಿನಲ್ಲಲ್ಲ

'ಮೇಡಂ, ಇದು ಡೂಪ್ಲಿಕೇಟ್ ಪುಡಿ ಇರಬೇಕು ನೋಡಿ' ಎಂದು ನನ್ನ ಚರ್ಮದ ಕ್ಲಿನಿಕ್ಕಿಗೆ ಬಂದಿದ್ದ ತಾಯಿಯೊಬ್ಬರು ಮೊಬೈಲ್ ಮುಂದೆ ಹಿಡಿದರು. ಫೋಟೋದಲ್ಲಿ ಒಂದು ಸ್ಟೀಲ್ ಬಟ್ಟಲು, ಅದರಲ್ಲಿ ಪಾಚಿ ಬಣ್ಣದ ಪೇಸ್ಟ್. ಪಕ್ಕದಲ್ಲಿ ಕೂತಿದ್ದ ಮಗಳ ಮದುವೆಗೆ ಇನ್ನು ಹನ್ನೆರಡೇ ದಿನ. ಎರಡೂ ಕೆನ್ನೆ ಕೆಂಪಗೆ ಉರಿಯುತ್ತಿದ್ದವು, ಮೂಗಿನ ಪಕ್ಕ ಸಿಪ್ಪೆ ಏಳುತ್ತಿತ್ತು. ಯಾವುದೋ ವಿಡಿಯೋ ನೋಡಿ ದಾಸವಾಳದ ಪುಡಿಗೆ ಅಡುಗೆ ಸೋಡಾ ಕಲಸಿ ಮೂರು ದಿನ ಬಿಡದೆ ಹಚ್ಚಿಕೊಂಡಿದ್ದಾಳೆ.

ಪುಡಿ ಅಸಲಿಯೇ. ಹಸಿರಾಗಿದ್ದೇ ಅದಕ್ಕೆ ಸಾಕ್ಷಿ. ಸ್ಕೂಲಲ್ಲಿ ವಿಜ್ಞಾನದ ಮೇಷ್ಟ್ರು ಮಾಡಿಸುತ್ತಿದ್ದ ಪ್ರಯೋಗ ನೆನಪಿದೆಯಾ? ಕೆಂಪು ದಾಸವಾಳದ ಎಸಳನ್ನು ಬಿಸಿನೀರಲ್ಲಿ ನೆನೆಸಿ, ಆ ನೀರಿಗೆ ನಿಂಬೆರಸ ಬಿಟ್ಟರೆ ಗಾಢ ಗುಲಾಬಿ, ಸೋಪಿನ ನೀರು ಬಿಟ್ಟರೆ ಹಸಿರು. ಹೂವಿಗೆ ಕೆಂಪು ಕೊಡುವ ಆಂಥೋಸಯನಿನ್ ಎಂಬ ಬಣ್ಣವೇ ಹೀಗೆ ರಂಗು ಬದಲಿಸುವುದು. ಬಟ್ಟಲು ಹಸಿರಾಯಿತು ಅಂದರೆ ಅದರಲ್ಲಿರುವುದು ಕ್ಷಾರ. ಹುಳಿ-ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ 7 ನಡುಮಟ್ಟ, ಅದಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ನಮ್ಮ ಮುಖದ ಚರ್ಮವೋ ತುಸು ಹುಳಿ, ಪಿಎಚ್ ಸುಮಾರು 4.5ರಿಂದ 5.5. ಅಡುಗೆ ಸೋಡಾ 8ರ ಮೇಲೆ. ಮೂರು ದಿನ ಕ್ಷಾರ ತಿಕ್ಕಿದರೆ ಚರ್ಮದ ಮೇಲ್ಪದರ ಸಡಿಲವಾಗದೆ ಇನ್ನೇನಾಗುತ್ತದೆ?

ಹಾಗಂತ ನಿಂಬೆರಸ ಹಾಕಿ ಗುಲಾಬಿ ಮಾಡಿಕೊಳ್ಳಿ ಅಂತ ಹೇಳುತ್ತಿಲ್ಲ. ಅದರ ಪಿಎಚ್ 2ರ ಆಸುಪಾಸು. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು, ಆಮೇಲೆ ಕಪ್ಪು ಕಲೆ ನಿಂತುಬಿಡುತ್ತದೆ. ದಾಸವಾಳದ ಹೆಸರು ಹೇಳಿಕೊಂಡು ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರಿಗೆ ತೊಂದರೆ ಕೊಟ್ಟಿರುವುದು ದಾಸವಾಳ ಅಲ್ಲ, ಅದರ ಜೊತೆಗೆ ಸೇರಿಸಿದ್ದು.

ಹಾಗಾದರೆ ಈ ಹೂವಿನಿಂದ ಏನೂ ಉಪಯೋಗವಿಲ್ಲವಾ? ಇದೆ. ಆದರೆ ಎಲ್ಲರೂ ಕಣ್ಣಿಟ್ಟಿರುವ ಕೆಂಪಿನಲ್ಲಿ ಅಲ್ಲ, ಲೋಳೆಯಲ್ಲಿ. ಎರಡು ಎಲೆ ಕಿತ್ತು ಅಂಗೈಯಲ್ಲಿ ಸ್ವಲ್ಪ ನೀರು ಹಾಕಿ ಉಜ್ಜಿ ನೋಡಿ, ಅರ್ಧ ನಿಮಿಷಕ್ಕೆ ಬೆರಳುಗಳ ನಡುವೆ ಎಳೆ ಎಳೆಯಾಗಿ ಜಾರುತ್ತದೆ. ನಮ್ಮಜ್ಜಿ ತಲೆಗೆ ಎಣ್ಣೆ ಹಚ್ಚಿದ ದಿನ ಇದನ್ನೇ ಹಿಂಡಿ ಸ್ನಾನ ಮಾಡಿಸುತ್ತಿದ್ದರು, ನಾವು ಕಣ್ಣಿಗೆ ಹೋಯಿತು ಅಂತ ಕಿರುಚುತ್ತಿದ್ದೆವು. ಹೂವಿನ ಎಸಳಲ್ಲೂ ಇದೇ ಲೋಳೆ ಇದೆ. ಸಕ್ಕರೆಯ ಉದ್ದುದ್ದ ಸರಪಳಿಗಳು ನೀರನ್ನು ಹಿಡಿದಿಟ್ಟುಕೊಂಡು ಹೀಗೆ ಜಾರುತ್ತವೆ.

ಈ ಸರಪಳಿಗಳು ಚರ್ಮದೊಳಗೆ ಇಳಿಯುವುದಿಲ್ಲ. ಸುಮಾರು 500 ಡಾಲ್ಟನ್‌ಗಿಂತ (ಅಣುವಿನ ತೂಕದ ಅಳತೆ) ದೊಡ್ಡ ಅಣುಗಳಿಗೆ ಚರ್ಮ ಸುಲಭಕ್ಕೆ ದಾರಿ ಬಿಡುವುದಿಲ್ಲ ಅನ್ನುವುದು ನಮ್ಮ ವೃತ್ತಿಯಲ್ಲಿ ಬಳಸುವ ಒಂದು ಅಂದಾಜು, ಲೋಳೆಯ ಅಣುಗಳು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡವು. ಒಳಗೆ ಹೋಗಿ ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್ ಎಂಬ ಪ್ರೋಟೀನ್ ಕಟ್ಟುತ್ತದೆ, ಸುಕ್ಕು ಬಿಡಿಸುತ್ತದೆ ಅನ್ನುವುದೆಲ್ಲ ಸುಮ್ನೆ ಮಾತು. ಮೇಲೆ ತೆಳುವಾದ ಪೊರೆಯಂತೆ ಕೂತು ನೀರು ಹಿಡಿದಿಡುತ್ತದೆ, ಅಷ್ಟೇ. ಆದರೆ ಜನವರಿಯ ಒಣಗಾಳಿಗೆ ಮುಖ ಚುರುಗುಟ್ಟುವವರಿಗೆ ಆ ಅಷ್ಟೇ ಕಡಿಮೆಯದಲ್ಲ.

ಇನ್ನೊಂದು ಗೊಂದಲ. ದಾಸವಾಳದಲ್ಲಿ ಹಣ್ಣಿನ ಆಮ್ಲಗಳಿವೆ, ಸತ್ತ ಚರ್ಮ ತೆಗೆಯುತ್ತವೆ ಅಂತ ಓದಿರುತ್ತೀರಿ. ಆ ಮಾತು ಹೆಚ್ಚಾಗಿ ಬೇರೆ ಗಿಡದ್ದು. ಹೈಬಿಸ್ಕಸ್ ಟೀ ಅಂತ ಮಾರುತ್ತಾರಲ್ಲ, ಹುಳಿ ಹುಳಿ ಕೆಂಪು ಟೀ, ಅದು ನಮ್ಮ ಪುಂಡಿ ಪಲ್ಯದ ಬಳಗದ ಗಿಡ. ಅದರಲ್ಲಿ ಒಣಗಿಸುವುದು ಹೂವನ್ನಲ್ಲ, ಹೂವಿನ ಬುಡದ ದಪ್ಪ ಕೆಂಪು ಪುಷ್ಪಪಾತ್ರೆಯನ್ನು. ಸಿಟ್ರಿಕ್, ಮ್ಯಾಲಿಕ್ ಆಮ್ಲ ಇರುವುದು ಅದರಲ್ಲಿ. ಬೇಲಿ ಬದಿಯಲ್ಲಿ ಬೆಳಿಗ್ಗೆ ಅರಳಿ ಸಂಜೆಗೆ ಮುದುಡುವ, ಗಣಪತಿಗೆ ಏರಿಸುವ ದಾಸವಾಳ ಅದರ ದಾಯಾದಿ ಮಾತ್ರ. ಒಂದು ಎಸಳು ಬಾಯಿಗೆ ಹಾಕಿಕೊಂಡರೆ ಗೊತ್ತಾಗುತ್ತದೆ, ಹುಳಿ ಎಲ್ಲಿದೆ?

ಮಾಡಲೇಬೇಕು ಅಂದರೆ ನಾನು ಹೇಳಿಕೊಡುವುದು ಹೀಗೆ. ನಾಲ್ಕೈದು ಹೂವು, ಅಂದು ಅರಳಿದ್ದು. ಹಸಿರು ತೊಟ್ಟು ಮತ್ತು ನಡುವಿನ ಪರಾಗದ ಕಡ್ಡಿ ಕಿತ್ತುಹಾಕಿ, ಎಸಳು ಮಾತ್ರ ಚೆನ್ನಾಗಿ ತೊಳೆಯಿರಿ. ಅರ್ಧ ಲೋಟ ಕುಡಿಯುವ ನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಕಿವುಚಿ, ತೆಳುಬಟ್ಟೆಯಲ್ಲಿ ಸೋಸಿ. ಮೊದಲು ಎರಡು ದಿನ ಮೊಣಕೈ ಒಳಮಡಿಕೆಯಲ್ಲಿ ಹಚ್ಚಿ ನೋಡಿ, ತುರಿಕೆ ಬಂದರೆ ಅಲ್ಲಿಗೆ ನಿಲ್ಲಿಸಿ. ಬರದಿದ್ದರೆ ಮುಖಕ್ಕೆ ಹತ್ತು ನಿಮಿಷ. ಇಲ್ಲಿ ಎಲ್ಲರೂ ತಪ್ಪು ಮಾಡುತ್ತಾರೆ, ಪೂರ್ತಿ ಒಣಗಿ ಬಿರಿಯುವವರೆಗೆ ಕಾಯುತ್ತಾರೆ, ಒಣಗಿದ ಲೋಳೆ ಚರ್ಮವನ್ನು ಬಿಗಿಯಾಗಿ ಎಳೆದು ಮತ್ತಷ್ಟು ಕಿರಿಕಿರಿ ಮಾಡುತ್ತದೆ. ಪಸೆ ಇರುವಾಗಲೇ ತೊಳೆದು, ಮುಖ ಪೂರ್ತಿ ಒರೆಸದೆ ಮಾಯಿಶ್ಚರೈಸರ್ ಹಚ್ಚಿ. ಮಿಕ್ಕಿದ್ದನ್ನು ಫ್ರಿಜ್ಜಲ್ಲಿಟ್ಟು ವಾರಗಟ್ಟಲೆ ಬಳಸಬೇಡಿ, ಲೋಳೆಯಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ.

ಮೊಡವೆ ಇದ್ದವರಿಗೆ ಇದರಿಂದ ಲಾಭ ಕಾಣೆ. ಇಸಬು ಇದ್ದು ಚರ್ಮ ಬಿರಿದಿದ್ದರೆ ಬೇಡವೇ ಬೇಡ. ಬಂಗು, ಅಂದರೆ ಮುಖದ ಮೇಲೆ ಬರುವ ಕಂದು ಕಲೆಗೆ ದಾಸವಾಳ ಹಚ್ಚುವವರಿಗೆ ನಾನು ಬೈಯುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸ್ಟೀರಾಯ್ಡ್ ಬೆರೆತ ಕ್ರೀಮ್ ತಂದು ತಿಂಗಳುಗಟ್ಟಲೆ ಹಚ್ಚಿ ಮುಖ ಹಾಳುಮಾಡಿಕೊಂಡವರನ್ನು ದಿನಾ ನೋಡುತ್ತೇನೆ, ಅದಕ್ಕಿಂತ ಇದು ವಾಸಿ. ಆದರೆ ಬಂಗು ಹೋಗಲ್ಲ. ಅದಕ್ಕೆ ಮೊದಲ ಮದ್ದು ಸನ್‌ಸ್ಕ್ರೀನ್, ಅದೂ ದಿನಾ.

ಅಂದ ಹಾಗೆ, ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆ ಬರುವುದು ಜಾಸ್ತಿ, ಅದಕ್ಕೆ ಜನ ಔಷಧಿ ಹೊಡೆಯುತ್ತಾರೆ. ಹೂವು ಯಾರ ಮನೆಯದು ಅಂತ ಕೇಳಿಯೇ ಕೀಳಿ.

ಮದುಮಗಳಿಗೆ ಸೋಡಾ, ಪುಡಿ ಎರಡೂ ನಿಲ್ಲಿಸಿ ಸಾದಾ ಮಾಯಿಶ್ಚರೈಸರ್ ಮತ್ತು ಐದು ದಿನಕ್ಕೆ ಒಂದು ಮುಲಾಮು ಬರೆದುಕೊಟ್ಟೆ. ಧಾರೆ ಹೊತ್ತಿಗೆ ಮುಖ ಸರಿಹೋಗಿತ್ತಂತೆ. ಉಳಿದ ಪುಡಿ ಏನು ಮಾಡಲಿ ಅಂತ ತಾಯಿ ಕೇಳಿದ್ದರು. ತಲೆಗೆ ಹಾಕಿಕೊಳ್ಳಿ ಅಂದೆ, ಸೋಡಾ ಬೆರೆಸದೆ.