ಕಣ್ಣಿಗೆ ಕಾಣುವ ಮಾತು: ಯಾವ ತೊಂದರೆಗೆ ಯಾವ ಸಾಧನ?

ಶ್ರವಣದೋಷವಿರುವ ಮಗುವಿಗೆ ಮಾತು ಕಲಿಸುವಾಗ ಕಿವಿಗೆ ಸಿಗದ್ದನ್ನು ಕಣ್ಣಿಗೆ ತೋರಿಸುತ್ತೇವೆ. ಆದರೆ ಯಾವ ಸಾಧನವೂ ಇಡೀ ಮಾತನ್ನು ತೋರಿಸುವುದಿಲ್ಲ. ಸಾಧನಗಳ ಪಟ್ಟಿ ಬಾಯಿಪಾಠ ಮಾಡುವ ಬದಲು, ಯಾವುದು ಏನನ್ನು ತೋರಿಸುತ್ತದೆ ಅಂತ ನೋಡಿಕೊಳ್ಳಿ.

ಮೊದಲು ಕನ್ನಡಿ. ಅಗ್ಗ, ಕರೆಂಟೂ ಬೇಡ. ಆದರೆ ‘ಪ’, ‘ಬ’, ‘ಮ’ ಮೂರಕ್ಕೂ ತುಟಿ ಮುಚ್ಚುತ್ತದೆ, ಹಾಗಾಗಿ ಮೂರೂ ಒಂದೇ ಥರ ಕಾಣುತ್ತವೆ. ‘ಕ’, ‘ಗ’ ಅಂತೂ ಬಾಯಿಯ ಹಿಂದೆ ಹುಟ್ಟುವುದರಿಂದ ಕಾಣುವುದೇ ಕಷ್ಟ. ‘ಮ’ ಬೇರೆ ಮಾಡಲು ಮೂಗಿನ ಕೆಳಗೆ ತಣ್ಣನೆಯ ಪುಟ್ಟ ಕನ್ನಡಿ ಹಿಡಿಯಿರಿ, ಮಂಜು ಕಟ್ಟುತ್ತದೆ. ‘ಮ್’ ಎಳೆಯುವಾಗ ಮಾತ್ರ ಹಿಡಿಯಬೇಕು. ಸುಮ್ನೆ ಉಸಿರು ಬಿಟ್ಟರೂ ಮಂಜು ಕಟ್ಟುತ್ತದಲ್ವಾ!

ಕನ್ನಡ ಕಲಿಯುವ ಮಗುವಿಗೆ ಜಾಸ್ತಿ ಉಪಯೋಗಕ್ಕೆ ಬರುವುದು ಧ್ವನಿ ಅಲೆಯ ಚಿತ್ರ ಅಂತ ನನ್ನ ಅಭಿಪ್ರಾಯ. ನಮ್ಮಲ್ಲಿ ಹ್ರಸ್ವ-ದೀರ್ಘ ತಪ್ಪಿದರೆ ಅರ್ಥವೇ ಬದಲಾಗುತ್ತದೆ: ಬಳೆ, ಬಾಳೆ. ತುಟಿ ನೋಡಿ ಇದನ್ನು ಹಿಡಿಯುವುದು ಕಷ್ಟ. ಪ್ರಾಟ್ ಎಂಬ ಉಚಿತ ತಂತ್ರಾಂಶದಲ್ಲಿ ಎರಡನ್ನೂ ರೆಕಾರ್ಡ್ ಮಾಡಿ ನೋಡಿ. ‘ಬಾ’ದಲ್ಲಿ ಸ್ವರದ ಭಾಗ ಉದ್ದಕ್ಕೆ ಹರಡಿರುತ್ತದೆ. ಇನ್ನು ‘ಕತೆ’, ‘ಕತ್ತೆ’ ಹೇಳಿ. ನಡುವೆ ಅಲೆ ನಿಂತು ಗೆರೆ ಸಪಾಟಾಗುತ್ತದೆ, ನಾಲಿಗೆ ಗಾಳಿಯನ್ನು ತಡೆದು ಹಿಡಿದ ಹೊತ್ತು ಅದು. ಒತ್ತಕ್ಷರದಲ್ಲಿ ಆ ಖಾಲಿ ಜಾಗ ಎದ್ದು ಕಾಣುವಷ್ಟು ಉದ್ದ. ಮಗು ಅದನ್ನು ಬೆರಳಿಟ್ಟು ತೋರಿಸಬಹುದು.

‘ಸ’, ‘ಶ’ಗಳಿಗೆ ಅಲೆ ಸಾಲದು, ಸ್ಪೆಕ್ಟ್ರೋಗ್ರಾಮ್ ಬೇಕು, ಅಂದರೆ ದನಿಯ ಶಕ್ತಿ ಯಾವ ಆವರ್ತನದಲ್ಲಿ (ಕೀರಲು ಮೇಲೆ, ಗಡಸು ಕೆಳಗೆ) ಎಷ್ಟಿದೆ ಅಂತ ಕಪ್ಪು ಕಲೆಗಳಲ್ಲಿ ತೋರಿಸುವ ಚಿತ್ರ. ‘ಸ’ದ ಕಪ್ಪು ಕಲೆ ಮೇಲಿನ ಆವರ್ತನಗಳಲ್ಲಿರುತ್ತದೆ, ‘ಶ’ದ್ದು ಇನ್ನೂ ಕೆಳಗಿನಿಂದಲೇ ಶುರು. ‘ಲ’, ‘ಳ’ಗಳಲ್ಲಿ ನಾಲಿಗೆ ಎಲ್ಲಿ ತಾಗಿತು ಅಂತ ನೋಡಲು ಎಲೆಕ್ಟ್ರೋಪ್ಯಾಲಟೋಗ್ರಫಿ ಇದೆ, ಅಂದರೆ ಅಂಗುಳಿಗೆ ಕೂರಿಸಿದ ಸೆನ್ಸರ್ ಪ್ಲೇಟ್ ನಾಲಿಗೆ ತಾಗಿದ ಜಾಗವನ್ನು ಪರದೆಯಲ್ಲಿ ತೋರಿಸುತ್ತದೆ. ಪ್ರತಿ ಮಗುವಿನ ಅಂಗುಳಿನ ಅಳತೆಗೆ ಪ್ಲೇಟ್ ಮಾಡಿಸಬೇಕು, ಖರ್ಚೂ ಹಾಗೇ.

ಆಟದಂಥ ತಂತ್ರಾಂಶಗಳೂ ಇವೆ. 1980ರ ದಶಕದಲ್ಲಿ ಬಂದ ಐಬಿಎಂನ ಸ್ಪೀಚ್‌ವ್ಯೂವರ್ ಹೆಸರು ನೆನಪಿಡಿ. ದನಿಗೆ ತಕ್ಕಂತೆ ಚಿತ್ರ ಬದಲಾದರೆ ಮಕ್ಕಳಿಗೆ ಖುಷಿಯೋ ಖುಷಿ. ಆದರೆ ಚಿತ್ರ ದೊಡ್ಡದಾಗಲಿ ಅಂತ ಮಗು ಕಿರುಚತೊಡಗಿದರೆ ಪಿಚ್ಚೂ (ದನಿಯ ಸ್ಥಾಯಿ) ಮೇಲೇರುತ್ತದೆ. ಆಗ ಆಟದಲ್ಲಿ ಗೆದ್ದರೂ ಮಾತು ಕೆಟ್ಟಿತು.

ಆದ್ದರಿಂದ ಪರದೆ ನೋಡುವ ಅಭ್ಯಾಸವನ್ನು ಮೆಲ್ಲಗೆ ಬಿಡಿಸಬೇಕು. ಮೊದಲು ನೋಡುತ್ತಾ ಹೇಳಲಿ. ಆಮೇಲೆ ಪರದೆ ಮುಚ್ಚಿ ಹೇಳಿಸಿ, ‘ಸರಿ ಬಂತಾ?’ ಅಂತ ಮಗುವನ್ನೇ ಕೇಳಿ. ಅದು ಉತ್ತರ ಕೊಟ್ಟ ಮೇಲಷ್ಟೇ ಪರದೆ ತೆರೆಯಿರಿ. ಶ್ರವಣಸಾಧನ ಮಾತ್ರ ಉದ್ದಕ್ಕೂ ಕಿವಿಯಲ್ಲೇ ಇರಲಿ.